ತೋಟದ ಕೊಳಾಯಿಯಲ್ಲಿ ಹಿಂದಕ್ಕೆ ಹರಿಯುವ ನೀರು

ಬಾಬಾಬುಡನ್‌ಗಿರಿಯ ಸುತ್ತಣ ಕಾಫಿ ಸೀಮೆಯಲ್ಲಿ ನೀರಿಗೆ ಬಡತನವಿಲ್ಲವೆಂಬ ಮಾತು ಹಿಂದಿನಿಂದಲೂ ರೂಢಿಯಲ್ಲಿದೆ. ಈ ಮಾತು ಈಗ ಪೂರ್ತಿಯಾಗಿ ನಿಜವಲ್ಲವೆಂಬುದು ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆಗಾಗಿ ಆಕಾಶವನ್ನು ನೋಡುತ್ತ ಕುಳಿತ ತೋಟಗಾರರಿಗೆಲ್ಲ ತಿಳಿದೇ ಇದೆ. ಆದುದರಿಂದ ನೀರಿನ ಪ್ರಮಾಣವನ್ನು ಕುರಿತು ನಾಲ್ಕು ಜನ ಸೇರಿದಲ್ಲೆಲ್ಲ ಚರ್ಚೆ ನಡೆಯುವುದುಂಟು. ನಾನು ಈ ಲೇಖನದಲ್ಲಿ ವಿಜ್ಞಾಪಿಸಿಕೊಳ್ಳಬೇಕೆಂದಿರುವುದು ನೀರಿನ ಪ್ರಮಾಣವನ್ನು ಕುರಿತಲ್ಲ. ಅದು ಹರಿಯುವ ದಿಕ್ಕನ್ನು ಕುರಿತು. ಕೊಳಾಯಿಯೊಳಗಿನ ನೀರು ಯಾವಾಗಲೂ ಮುಂದಕ್ಕೇ ಹರಿಯುವುದೆಂದು ನಾವೆಲ್ಲರೂ ನಂಬಿದ್ದೇವೆ. ಅದು ಹಿಂದಕ್ಕೂ ಹರಿಯಬಲ್ಲುದೆಂದೂ, ಹಾಗೆ ಹರಿಯುವಾಗ ಬರಿಗೈಯಲ್ಲಿ ಬರುವುದಿಲ್ಲವೆಂದೂ ತಿಳಿದವರು ವಿರಳ.

ಕೆಲವು ವರ್ಷಗಳ ಹಿಂದೆ, ಮುಂಗಾರಿಗೆ ಮುಂಚಿನ ಔಷಧಿ ಹೊಡೆಯುವ ಕಾಲದಲ್ಲಿ, ಕಳಸದ ಕಡೆಯ ನನ್ನ ಸ್ನೇಹಿತರೊಬ್ಬರ ತೋಟಕ್ಕೆ ಹೋಗಿದ್ದೆನು. ಗುಡ್ಡದ ನೆತ್ತಿಯ ಬಳಿ ಒಂದು ಚಿಲುಮೆ. ಅದರ ಕೆಳಗೆ ಕಲ್ಲಿನ ತೊಟ್ಟಿ. ಅಲ್ಲಿಂದ ಎರಡಂಗುಲದ ಕೊಳವೆಯು ಇಳಿಜಾರಿನಲ್ಲಿ ಬಂದು ನಡುವೆ ಔಷಧಿ ಕಲಸುವ ಕಣಕ್ಕೂ, ಅದಕ್ಕೆ ಸುಮಾರು ನಲವತ್ತು ಅಡಿ ಕೆಳಗಿರುವ ಲೈನುಮನೆಗಳ ನಲ್ಲಿಗಳಿಗೂ ನೀರೊದಗಿಸುತ್ತಿತ್ತು. ಆ ದಿನ ಬೆಳಗ್ಗೆ ಕಣದಲ್ಲಿ ಪೀಪಾಯಿಗಳಿಗೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಕಲಸಿ, ನೀರು ಸಾಲದೆ ಬಂದೀತೆಂದು ನಲ್ಲಿಗೆ ಸಿಕ್ಕಿಸಿದ್ದ ರಬ್ಬರು ಕೊಳವೆಯ ತುದಿಯನ್ನು ಒಂದು ಪೀಪಾಯಿಯೊಳಗೆ ಮುಳುಗಿಸಿ ಬಿಟ್ಟಿದ್ದರು. ನಲ್ಲಿಯೂ ತೆರೆದೇ ಇದ್ದಿತು. ಅಷ್ಟರಲ್ಲಿ ಮೇಲಿನ ತೊಟ್ಟಿಯನ್ನು ತೊಳೆಯುವುದಕ್ಕೆಂದು ಹೋದ ಆಳುಗಳು ಅದರ ಬುಡದ ಗೇಟ್ ವಾಲ್ವನ್ನು ಮುಚ್ಚಿದರು. ಕೆಳಗೆ ಲೈನಿನ ಹೆಂಗಸರು ಅಡಿಗೆಗೆ ನೀರು ಹಿಡಿಯುತ್ತಿದ್ದರು.

ಹತ್ತು ಹದಿನೈದು ನಿಮಿಷಗಳಾಗಿರಬಹುದು, ವಯಸ್ಸಾದ ಹೆಂಗಸೊಬ್ಬಳು ಕೊಡವನ್ನು ಕಂಕುಳಲ್ಲಿಟ್ಟುಕೊಂಡೇ ಕಣಕ್ಕೆ ಹತ್ತಿ ಬಂದು, “ರೈಟರಯ್ಯಾ, ನೀರಿಗೆ ನೀಲಿ ಬಂದದೆ, ಮಕ್ಕಳಿಗೆ ಕೊಡೋದು ಹ್ಯಾಗೆ?” ಎಂದು ಕೇಳಿದಳು. ರೈಟರು ಮೊದಲು ನಕ್ಕರು. ಆಮೇಲೆ ಪೀಪಾಯಿಯನ್ನು ನೋಡಿದರೆ ಮೂರರಲ್ಲೊಂದು ಪಾಲು ದ್ರಾವಣವಿಲ್ಲ! ಯಾರೂ ಅದನ್ನು ಗಿಡಕ್ಕೆ ಹೊಡೆದಿರಲಿಲ್ಲ. ದೇವರ ದಯದಿಂದ ಆ ಬಣ್ಣವೇ ಎಲ್ಲರನ್ನೂ ಉಳಿಸಿತು. ಬೋರ್ಡೋ ದ್ರಾವಣವು ನೀಲಿಯಾಗಿಲ್ಲದೆ, ಈಗ ಅಂಗಡಿಗಳಲ್ಲಿ ಸಿಕ್ಕುವ ಎಷ್ಟೋ ಕ್ರಿಮಿನಾಶಕಗಳಂತೆ ನೀರಿನಲ್ಲಿ ಕಂಡೂ ಕಾಣದಂತೆ ಬೆರೆಯುವುದಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಈಗಲೂ ಯೋಚಿಸುವುದುಂಟು.

ಇದು ನಡೆದುದು ಹೇಗೆಂಬುದನ್ನು ಸ್ವಲ್ಪ ವಿಚಾರ ಮಾಡೋಣ. ಮೇಲಿನ ಬಾಯಿ ಮುಚ್ಚಿದ ಕೊಳವೆಯಲ್ಲಿ ನಿಂತಿರುವ ನೀರನ್ನು ಕೆಳಗಿನ ನಲ್ಲಿಯಿಂದ ಬಿಟ್ಟರೆ, ಆ ನೀರು ತನ್ನ ಭಾರದಿಂದಲೇ ಇಳಿಯತೊಡಗುತ್ತದೆ. ಇಳಿಯುವ ನೀರಿನ ಹಿಂದೆ ಕೊಳವೆಯಲ್ಲಿ ಹವೆಯಿಲ್ಲದ ತಾಣವುಂಟಾಗುತ್ತದೆ. ಎಲ್ಲಿ ಬಾಯಿ ತೆರೆದಿದೆಯೋ ಅಲ್ಲಿಂದ ಹೊರಗಿನ ಹವೆಯ ಒತ್ತಡವು ಏನನ್ನಾದರೂ ಒಳಕ್ಕೆ ನೂಕಿ ಆ ತಾಣವನ್ನು ತುಂಬಲೆತ್ನಿಸುತ್ತದೆ. ತೆರೆದ ಬಾಯಿ ಹವೆಯಲ್ಲಿದ್ದರೆ ಹವೆ ಒಳಹೋಗುತ್ತದೆ, ಬಾಧಕವಿಲ್ಲ. ಅದು ವಿಷದ ಪೀಪಾಯಿಯಲ್ಲಿ ಮುಳುಗಿದ್ದರೆ ವಿಷವು ಒಳಹೋಗುತ್ತದೆ. ಸಮುದ್ರಮಟ್ಟದಲ್ಲಿ ಹವೆಯ ಒತ್ತಡವು ನೀರನ್ನು ಸುಮಾರು 34 ಅಡಿಯವರೆಗೆ ಎತ್ತಬಲ್ಲುದು. ನಮ್ಮ ಮೂರು ಸಾವಿರ ಅಡಿಯ ಗುಡ್ಡಗಳಲ್ಲಿಯೂ ಸುಮಾರು 30 ಅಡಿಯವರೆಗೆ ಎತ್ತೀತು. ಹೀಗಿರುವಲ್ಲಿ ಪೀಪಾಯಿಯ ಮೂರಡಿ ಎತ್ತರದ ಅಂಚನ್ನು ದಾಟಿಸುವುದು ಅದಕ್ಕೆ ಯಾವ ದೊಡ್ಡ ಕೆಲಸ? ಇದನ್ನು ಹಿನ್ಸೆಳೆತವೆಂದು ಕರೆಯೋಣ.

ಇನ್ನೊಂದು ಬಗೆಯುಂಟು. ಅದು ಸೆಳೆತವಲ್ಲ, ನೂಕುವಿಕೆ. ಕುಡಿಯುವ ನೀರಿನ ಕೊಳವೆಗೂ ಪಂಪಿನ ಕೊಳವೆಗೂ ಎಲ್ಲಿಯಾದರೂ ಗಂಟುಬಿದ್ದಿದ್ದು, ಪಂಪಿನ ಒತ್ತಡವು ಚಿಲುಮೆಯ ನೀರಿನ ಒತ್ತಡಕ್ಕಿಂತ ಹೆಚ್ಚಾದಲ್ಲಿ, ಪಂಪಿನ ನೀರು ಕುಡಿಯುವ ಕೊಳವೆಯೊಳಕ್ಕೆ ನುಗ್ಗುವುದು. ಸುಮಾರು 33 ಅಡಿ ಎತ್ತರದ ನೀರಿನ ಕಂಬವು ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡವನ್ನು ಕೊಡುತ್ತದೆ. ಹೂವಿನ ಕಾಲದಲ್ಲಿ ತುಂತುರು ನೀರಾವರಿಗೆ ನಾವು ಓಡಿಸುವ ಡೀಸೆಲ್ ಪಂಪುಗಳು ಇದರ ಹಲವು ಪಾಲು ಒತ್ತಡವನ್ನು ಹುಟ್ಟಿಸುವುವು. ಕೆರೆಯ ರಾಡಿನೀರು ಬಂಗಲೆಯ ಅಡಿಗೆಮನೆಗೆ ಬಂತೆಂದು ಬೆರಗಾಗುವವರು ತಮ್ಮ ತೋಟದ ಕೊಳವೆಗಳ ನಕ್ಷೆಯನ್ನು ಒಮ್ಮೆ ಬರೆದು ನೋಡಬೇಕು. ಬಹುಮಟ್ಟಿಗೆ ಆ ನಕ್ಷೆಯು ಯಾರ ಬಳಿಯೂ ಇರುವುದಿಲ್ಲ. ಹಳೆಯ ಮೇಸ್ತ್ರಿಯ ತಲೆಯಲ್ಲಿದ್ದು, ಅವನೊಡನೆಯೇ ಹೋಗಿರುತ್ತದೆ.

ಈ ಅಪಾಯವು ಬಯಲುಸೀಮೆಗಿಂತ ನಮ್ಮ ಮಲೆಯ ಸೀಮೆಯಲ್ಲಿ ಹೆಚ್ಚೆಂಬುದನ್ನು ಒತ್ತಿ ಹೇಳಬೇಕಾಗಿದೆ. ಬಯಲಿನಲ್ಲಿ ನಲ್ಲಿಗಳೆಲ್ಲ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿರುವುದರಿಂದ ಸೆಳೆತವು ದುರ್ಬಲ. ನಮ್ಮಲ್ಲಿ ಒಂದೇ ಕೊಳವೆಯ ಮೇಲಿನ ನಲ್ಲಿಗೂ ಕೆಳಗಿನ ನಲ್ಲಿಗೂ ನೂರಾರು ಅಡಿ ಅಂತರವಿರಬಹುದು. ಮೇಲೆ ಕಣ, ಗೊಬ್ಬರದ ಉಗ್ರಾಣ, ಪಲ್ಪರು ಮನೆ. ಕೆಳಗೆ ಹಳ್ಳದ ಪಕ್ಕದಲ್ಲಿ ಲೈನು. ನಮ್ಮ ತೋಟಗಳ ಕಟ್ಟಡಗಳನ್ನು ಹೀಗೆಯೇ ಕಟ್ಟಿರುವುದರಿಂದ, ಕೊಳವೆಯಲ್ಲಿ ಏನು ತಪ್ಪಿದರೂ ಅದರ ಫಲವು ಕೂಲಿಯವರ ಕೊಡಕ್ಕೆ ಮೊದಲು ಬರುವುದು, ಮಾಲಿಕರ ಲೋಟಕ್ಕೆ ಕೊನೆಗೆ. ಪ್ರಾಯಶಃ ಇಷ್ಟು ಕಾಲ ಈ ವಿಷಯಕ್ಕೆ ಯಾರೂ ಗಮನ ಕೊಡದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ನಮ್ಮ ಹಿರಿಯರಿಗೆ ಈ ತೊಂದರೆಯಿರಲಿಲ್ಲ. ಅವರ ಅಬ್ಬಿ ನೀರು ಅಡಕೆಯ ಮರವನ್ನು ಸೀಳಿ ತಿರುಳು ತೆಗೆದು ಮಾಡಿದ ದಂಬೆಯಲ್ಲಿ ಹರಿದು ಬಂದು, ಮನೆಯ ಹಿತ್ತಲಿನ ಕಲ್ಲುಮರಿಗೆಗೆ ಮೇಲಿನಿಂದ ಧಾರೆಯಾಗಿ ಬೀಳುತ್ತಿತ್ತು. ದಂಬೆಯ ತುದಿಗೂ ಮರಿಗೆಯ ನೀರಿಗೂ ನಡುವೆ ಒಂದು ಗೇಣು ಬಯಲು. ಮರಿಗೆಯಲ್ಲಿ ಬಟ್ಟೆ ಒಗೆದರೂ, ಎಮ್ಮೆ ಬಾಯಿಯಿಟ್ಟರೂ, ಆ ಕೊಳೆಯು ಧಾರೆಯನ್ನೇರಿ ಚಿಲುಮೆಗೆ ಹೋಗುವಂತಿರಲಿಲ್ಲ. ಈಗ ಪರದೇಶಗಳ ನೀರಿನ ಶಾಸ್ತ್ರಜ್ಞರು ಎಲ್ಲಕ್ಕಿಂತ ಶ್ರೇಷ್ಠವಾದ ರಕ್ಷಣೆಯೆಂದು ಹೇಳುತ್ತಿರುವ ‘ಹವೆಯ ಅಂತರ’ವು ಇದೇ. ನಾವು ದಂಬೆಯನ್ನು ತೆಗೆದು ಕಬ್ಬಿಣದ ಕೊಳವೆಯನ್ನೂ, ಕಬ್ಬಿಣವನ್ನು ತೆಗೆದು ಪ್ಲಾಸ್ಟಿಕ್ಕನ್ನೂ ತಂದೆವು. ನೀರು ಸೋರದಂತಾಯಿತು, ಎಲೆ ಕಸ ಬೀಳದಂತಾಯಿತು, ಒಳ್ಳೆಯದೇ ಆಯಿತು. ಆದರೆ ಆ ಒಂದು ಗೇಣು ಬಯಲನ್ನೂ ಜೊತೆಯಲ್ಲಿಯೇ ಕಳೆದುಕೊಂಡೆವು.

ತುತ್ತದ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ಹೇಳುವೆನು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬ ವಿದ್ವಾಂಸರು ದ್ರಾಕ್ಷಿಯ ರೋಗಕ್ಕೆಂದು ಪ್ರಚುರಪಡಿಸಿದ ಈ ದ್ರಾವಣವು, ಮೈಸೂರು ಸಂಸ್ಥಾನದ ವ್ಯವಸಾಯದ ಇಲಾಖೆಯ ಡಾಕ್ಟರ್ ಕೋಲ್ಮನ್‌ರವರ ಪ್ರಯತ್ನದಿಂದ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮದ್ದಾಗಿ ನಮ್ಮಲ್ಲಿ ನೆಲೆಯೂರಿತು. ಕಾಫಿಯ ಎಲೆತುಕ್ಕು ರೋಗಕ್ಕೆ ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲಿನ ದ್ರಾವಣವನ್ನೂ, ಕೊಳೆರೋಗಕ್ಕೂ ಮೆಣಸಿನ ಬಳ್ಳಿಗೂ ನೂರಕ್ಕೆ ಒಂದು ಪಾಲಿನದನ್ನೂ ಹೊಡೆಯುವೆವು. ಅರ್ಧ ಪಾಲಿನ ದ್ರಾವಣದ ಒಂದು ಲೀಟರಿನಲ್ಲಿ ಐದು ಗ್ರಾಂ ಮೈಲುತುತ್ತವಿರುವುದು; ಅದರಲ್ಲಿ ತಾಮ್ರದ ಭಾಗವು ಕಾಲುಪಾಲು, ಎಂದರೆ ಸುಮಾರು 1,270 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 0.05 ಮಿಲಿಗ್ರಾಂ ತಾಮ್ರವನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರು ಸಿಕ್ಕದಿದ್ದರೆ ಮಾತ್ರ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಹಾಗಾದರೆ ಕೊಳಾಯಿಗೆ ಸೇರಿದ ಒಂದು ಲೀಟರು ದ್ರಾವಣವು 800 ಲೀಟರಿಗೂ ಮೀರಿದ ನೀರನ್ನು ಆ ಕೊನೆಯ ಮಿತಿಗೆ ತಂದು ನಿಲ್ಲಿಸುವುದು. ನನ್ನ ಸ್ನೇಹಿತರ ತೋಟದಲ್ಲಿ ಹೋದುದು ಒಂದು ಲೀಟರಲ್ಲ. ಪೀಪಾಯಿಯ ಮೂರನೆಯ ಒಂದು ಪಾಲು.

ತುತ್ತವೊಂದೇ ಅಲ್ಲ. ಹನಿ ನೀರಾವರಿಯ ಕೊಳವೆಯಲ್ಲಿ ಯೂರಿಯಾ ಪೊಟ್ಯಾಷುಗಳನ್ನು ಕರಗಿಸಿ ಬಿಡುವ ಪದ್ಧತಿಯು ಈಗ ನಮ್ಮಲ್ಲಿಯೂ ಹಬ್ಬುತ್ತಿದೆ. ಬೋರ್‌ವೆಲ್ಲಿನ ಪಂಪು ಓಡುತ್ತಿರುವಾಗ ವಿದ್ಯುಚ್ಛಕ್ತಿ ನಿಂತರೆ, ಕೊಳವೆಯಲ್ಲಿನ ನೀರು ಬಾವಿಗೆ ಹಿಂದಿರುಗುವಾಗ ಗೊಬ್ಬರದ ತೊಟ್ಟಿಯಲ್ಲಿದ್ದುದನ್ನೂ ಸೆಳೆದುಕೊಂಡು ಹೋಗಬಹುದು. ನಮ್ಮ ಕಡೆ ವಿದ್ಯುಚ್ಛಕ್ತಿಯು ಎಷ್ಟು ಸಲ ನಿಲ್ಲುವುದೆಂಬುದನ್ನು ನಾನು ಹೇಳಬೇಕಾಗಿಲ್ಲ. ಕೊಳವೆಗೆ ಸೇರಿದ ವಿಷವನ್ನು ಒಂದು ದಿನ ನೀರು ಹರಿಸಿ ತೊಳೆಯಬಹುದು. ಬೋರ್‌ವೆಲ್ಲಿಗೆ ಸೇರಿದುದನ್ನು ತೊಳೆಯುವ ಬಗೆ ಯಾವುದು? ಇನ್ನು ಕೊಯ್ಲಿನ ದಿನಗಳಲ್ಲಿ ಪಲ್ಪರು ಮನೆಯ ಹುದುಗಿನ ತೊಟ್ಟಿಗಳೊಳಗೆ ಇಳಿಬಿಟ್ಟ ಕೊಳವೆಗಳನ್ನು ನೋಡಿದವರೆಲ್ಲರೂ ಬಲ್ಲರು. ದನದ ಕೊಟ್ಟಿಗೆಯ ಮರಿಗೆ, ಬಂಗಲೆಯ ಹೂದೋಟದ ಕೊಳವೆ, ಹೀಗೆ ಹೇಳುತ್ತ ಹೋದರೆ ಕೊನೆಯಿಲ್ಲ.

ಇದು ಕಾಡಿನ ಮೂಲೆಯ ಅಪೂರ್ವ ಸಂಗತಿಯೆಂದು ವಾಚಕರು ಭಾವಿಸಬಾರದು. 1933ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಜಗತ್ಪ್ರದರ್ಶನವು ನಡೆಯುತ್ತಿದ್ದಾಗ, ಎರಡು ಹೋಟೆಲುಗಳ ಕೊಳಾಯಿಗಳಲ್ಲಿ ಶೌಚದ ನೀರು ಕುಡಿಯುವ ನೀರಿಗೆ ಬೆರೆತು ಅಮೀಬಾ ರಕ್ತಭೇದಿ ಹರಡಿ, ಸುಮಾರು 1,400 ಜನ ರೋಗಗ್ರಸ್ತರಾಗಿ 98 ಮಂದಿ ಸತ್ತರು. 1969ರಲ್ಲಿ ಅದೇ ದೇಶದ ಮ್ಯಾಸಚೂಸೆಟ್ಸ್ ಪ್ರಾಂತದ ವುಸ್ಟರ್ ಎಂಬಲ್ಲಿ ನಡೆದುದು ನಮ್ಮ ಪೀಪಾಯಿಯ ಕಥೆಗೆ ಇನ್ನೂ ಸಮೀಪವಾದುದು. ಅಲ್ಲಿನ ಒಂದು ಕಾಲೇಜಿನ ಆಟದ ಬಯಲಿಗೆ ನೀರು ಬಿಡುವ ನಲ್ಲಿಗಳು ನೆಲದ ಗುಂಡಿಗಳಲ್ಲಿದ್ದುವು. ಗುಂಡಿಗಳಲ್ಲಿ ಕೊಳೆನೀರು ನಿಂತಿತ್ತು. ಊರಿನಲ್ಲಿ ಬೆಂಕಿ ಬಿದ್ದು ಅದನ್ನಾರಿಸಲು ಬಹಳ ನೀರನ್ನೆಳೆದುದರಿಂದ ಕೊಳವೆಯ ಒತ್ತಡ ಕುಸಿಯಿತು, ಗುಂಡಿಯ ನೀರು ಒಳಕ್ಕೆ ಸರಿಯಿತು, ಆಟಗಾರರು ಅದನ್ನೇ ಕುಡಿದರು. 97 ಜನರಲ್ಲಿ 90 ಮಂದಿಗೆ ಕಾಮಾಲೆಯ ಸೋಂಕು ತಗಲಿತು. ಅಲ್ಲಿ ಯಾರೂ ಪೈಪನ್ನು ಒಡೆದಿರಲಿಲ್ಲ, ಯಾರೂ ವಿಷವನ್ನು ಹಾಕಿರಲಿಲ್ಲ.

ನಮ್ಮ ರಾಜ್ಯದಲ್ಲಿಯೇ ಹುಬ್ಬಳ್ಳಿ ಧಾರವಾಡಗಳಲ್ಲಿ ನಡೆದ ಒಂದು ಪರೀಕ್ಷೆಯಿದೆ. ಅಲ್ಲಿ ಕೆಲವು ಬಡಾವಣೆಗಳಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಏರ್ಪಾಡಾಗಿದ್ದು, ಉಳಿದವುಗಳಿಗೆ ಕೆಲವು ದಿನಗಳಿಗೊಮ್ಮೆ ಬಿಡಲಾಗುತ್ತಿತ್ತು. 2013ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಫಲದಂತೆ, ಸದಾ ನೀರಿದ್ದ ಕಡೆ ನಲ್ಲಿಯ ನೀರಿನ ಮಾದರಿಗಳಲ್ಲಿ ನೂರಕ್ಕೆ 0.7ರಲ್ಲಿ ಮಾತ್ರ ಇ-ಕೊಲೈ ಎಂಬ ಮಲದ ಸೂಕ್ಷ್ಮಜೀವಿಯು ಕಂಡಿತು. ಬಿಟ್ಟು ಬಿಟ್ಟು ಬರುವ ಕಡೆ ನೂರಕ್ಕೆ 31.7ರಲ್ಲಿ. ಕಾರಣಗಳು ಹಲವಿರಬಹುದು. ಆದರೆ ನೀರಿಲ್ಲದ ವೇಳೆಯಲ್ಲಿ ಒತ್ತಡವಳಿದ ಕೊಳವೆಯು ಹೊರಗಿನ ಕೊಳಕನ್ನು ಒಳಕ್ಕೆ ಬಿಟ್ಟುಕೊಳ್ಳುವುದೆಂಬುದು ಅವುಗಳಲ್ಲಿ ಮುಖ್ಯವಾದುದು. 2019ರಲ್ಲಿ ಪ್ರಕಟವಾದ ಜಲಜೀವನ ಮಿಷನ್ನಿನ ಮೂಲಕ ಹಳ್ಳಿಯ ಮನೆಮನೆಗೆ ನಲ್ಲಿಗಳು ಬಂದುದು ಸಂತೋಷದ ಸಂಗತಿ. ಆ ನಲ್ಲಿಗಳಲ್ಲಿ ಹೊತ್ತುಗೊತ್ತಿಗೆ ಮಾತ್ರ ನೀರು ಬರುವ ಊರುಗಳಲ್ಲಿ, ನೀರು ಬಂದೊಡನೆ ಕೊಳವೆಗೇ ಮೋಟಾರು ಹಚ್ಚಿ ಎಳೆಯುವ ದುರಭ್ಯಾಸವು ನಗರಗಳಿಂದ ಇಲ್ಲಿಗೂ ಬರುತ್ತಿರುವುದನ್ನು ಕಂಡರೆ ಭಯವಾಗುತ್ತದೆ. ಒಬ್ಬನ ಮೋಟಾರು ನೆರೆಯವನ ಚರಂಡಿಯನ್ನು ಕುಡಿಸಬಲ್ಲುದು.

ಹಾಗಾದರೆ ಮಾಡತಕ್ಕದ್ದೇನು? ಪೇಟೆಯ ಕೊಳಾಯಿ ಅಂಗಡಿಯವನನ್ನು ಕೇಳಿದರೆ “ಒಂದು ಎನ್.ಆರ್.ವಿ. ಹಾಕಿಬಿಡಿ ಸಾರ್” ಎನ್ನುವನು. ನೀರನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಿಡದ ಒಮ್ಮುಖ ಕವಾಟವಿದು. ಪಂಪಿಗೆ ಇದು ಅವಶ್ಯವಾಗಿ ಬೇಕು. ಆದರೆ ಕುಡಿಯುವ ನೀರಿಗೂ ವಿಷಕ್ಕೂ ನಡುವೆ ಇದೊಂದನ್ನೇ ಕಾವಲಿಡುವುದಕ್ಕೆ ನನ್ನ ಪೂರ್ಣ ವಿರೋಧವುಂಟು. ಚಿಲುಮೆಯ ನೀರಿನೊಡನೆ ಮರಳು, ಎಲೆಯ ಚೂರು, ಬೇರಿನ ನಾರು ಬರುವುವು. ಕಣದ ಕಡೆಯಿಂದ ಸುಣ್ಣದ ಗಸಿ ಬರುವುದು. ಕವಾಟದ ಬಾಯಿಗೆ ಒಂದು ನಾರು ಸಿಕ್ಕಿಕೊಂಡರೂ ಅದು ಮುಚ್ಚಲಾರದು. ಮುಚ್ಚಿಲ್ಲವೆಂಬುದು ಹೊರಗಿನಿಂದ ಕಾಣುವುದೂ ಇಲ್ಲ. ಎರಡು ಕವಾಟಗಳನ್ನು ಒಂದರ ಹಿಂದೊಂದು ಕೂಡಿಸಿದ ಉಪಕರಣವು ಇದಕ್ಕಿಂತ ಮೇಲು, ಆದರೂ ವಿಷವಿರುವಲ್ಲಿ ಸಾಲದು. ವಿಷವಿರುವಲ್ಲಿ ಬಳಸತಕ್ಕ ಉಪಕರಣದಲ್ಲಿ ಎರಡು ಕವಾಟಗಳ ನಡುವಣ ಕೋಣೆಯ ಒತ್ತಡವನ್ನು ಮೊದಲಿನ ಕೊಳವೆಯ ಒತ್ತಡಕ್ಕಿಂತ ಕಡಮೆಯಾಗಿಟ್ಟಿರುವರು. ಯಾವ ಕವಾಟ ಕೆಟ್ಟರೂ ನೀರು ಹಿಂದಕ್ಕೆ ಹೋಗದೆ ಆ ಕೋಣೆಯಿಂದ ಹೊರಕ್ಕೆ ಸುರಿದುಹೋಗುವುದು. ಬಹಳ ಜಾಣತನದ ಯಂತ್ರ. ಆದರೆ ಇದನ್ನು ನೆಲದ ಮೇಲೆಯೇ ಕೂಡಿಸಬೇಕು, ಮಳೆನೀರು ನಿಲ್ಲುವ ಗುಂಡಿಯಲ್ಲಿ ಕೂಡಿಸಲಾಗದು. ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ನಮ್ಮ ತೋಟಗಳಲ್ಲಿ ಇದನ್ನಿಟ್ಟರೆ, ಅದು ತನ್ನ ಕರ್ತವ್ಯವನ್ನು ಮಾಡಿ ನೀರು ಸುರಿಸಿದ ದಿನವೇ ಯಾರಾದರೂ “ಸೋರುತ್ತದೆ” ಎಂದು ಅದರ ಬಾಯಿಗೆ ಮರದ ಬೆಣೆಯನ್ನು ಬಡಿಯುವರೆಂದು ನನ್ನ ಊಹೆ.

ನಲ್ಲಿಯ ಮೂತಿಗೆ ತಿರುಗಿಸಿ ಕೂಡಿಸುವ ಚಿಕ್ಕ ಹವೆಬಿಡುವ ತಡೆಯೊಂದುಂಟು. ಸೆಳೆತವುಂಟಾದಾಗ ಇದು ಬಾಯ್ತೆರೆದು ಹವೆಯನ್ನೊಳಗೆ ಬಿಟ್ಟು ಸೆಳೆತವನ್ನು ಮುರಿಯುವುದು. ಹೂದೋಟದ ಕೊಳವೆಗೂ ಕೊಟ್ಟಿಗೆಗೂ ಇದು ತಕ್ಕುದು, ಬೆಲೆಯೂ ಹೆಚ್ಚಲ್ಲ. ಆದರೆ ಪಂಪಿನ ನೂಕುವಿಕೆಯನ್ನು ತಡೆಯುವ ಶಕ್ತಿ ಇದಕ್ಕಿಲ್ಲವೆಂಬುದನ್ನು ಮರೆಯಬಾರದು. ಇದರ ಮುಂದೆ ಕೊಳವೆಯ ತುದಿಯಲ್ಲಿ ಮುಚ್ಚುವ ಮೂತಿಯನ್ನಿಟ್ಟು ಹಗಲೂ ರಾತ್ರಿ ಒತ್ತಡದಲ್ಲಿ ಬಿಡಲೂ ಕೂಡದು.

ನನ್ನ ಅಭಿಪ್ರಾಯದಲ್ಲಿ ನಮ್ಮ ಸೀಮೆಗೆ ಒಪ್ಪುವ ಉಪಾಯವು ಎರಡು ತೊಟ್ಟಿಗಳದು. ಬಾಯಿಗೆ ಹೋಗುವ ನೀರಿಗೆ ಒಂದು ತೊಟ್ಟಿ, ಕೆಲಸಕ್ಕೆ ಹೋಗುವ ನೀರಿಗೆ ಇನ್ನೊಂದು. ಚಿಲುಮೆಯ ಕೊಳವೆಯಿಂದ ಕವಲೊಡೆದ ನೀರು ಎರಡನೆಯ ತೊಟ್ಟಿಗೆ ಮೇಲಿನಿಂದ ಬೀಳಬೇಕು. ಕೊಳವೆಯ ತುದಿಯು ತೊಟ್ಟಿಯ ಅಂಚಿಗಿಂತ, ಆ ಕೊಳವೆಯ ಅಡ್ಡಳತೆಯ ಎರಡರಷ್ಟಾದರೂ ಮೇಲಿರಬೇಕು. ಕೊಳವೆ ಎಷ್ಟು ಚಿಕ್ಕದಾದರೂ ಒಂದಂಗುಲಕ್ಕೆ ಕಡಮೆಯಾಗಬಾರದು. ಎರಡಂಗುಲದ ಕೊಳವೆಗೆ ನಾಲ್ಕಂಗುಲ. ಔಷಧಿಯ ಕಣ, ಪಲ್ಪರು, ಗೊಬ್ಬರದ ನೀರು, ಹೂದೋಟ, ಇವೆಲ್ಲಕ್ಕೂ ನೀರು ಈ ಎರಡನೆಯ ತೊಟ್ಟಿಯಿಂದಲೇ ಹೊರಡಬೇಕು. ಇಲ್ಲಿ ತುಕ್ಕು ಹಿಡಿಯುವ ಸ್ಪ್ರಿಂಗಿಲ್ಲ, ಕೆಡುವ ರಬ್ಬರಿಲ್ಲ, ಪರೀಕ್ಷಕರ ಅವಶ್ಯಕತೆಯಿಲ್ಲ. ಲೈನಿನ ಮಗುವೂ ನೋಡಿ ಹೇಳಬಹುದು: ನಡುವೆ ಬಯಲು ಕಂಡರೆ ಸರಿ, ಕಾಣದಿದ್ದರೆ ತಪ್ಪು.

ಇದಕ್ಕೆ ತೋಟಗಾರರು ಹೇಳುವ ಆಕ್ಷೇಪಣೆಯೊಂದುಂಟು, ಅದು ನ್ಯಾಯವಾದುದೇ. ನೀರು ತೊಟ್ಟಿಗೆ ಬಿದ್ದೊಡನೆ ಅದುವರೆಗಿನ ಇಳಿಜಾರಿನ ಒತ್ತಡವೆಲ್ಲ ಅಲ್ಲಿಯೇ ಕಳೆದುಹೋಗುವುದು. ಎರಡನೆಯ ತೊಟ್ಟಿಯನ್ನು ಕಣದ ಮಗ್ಗುಲಲ್ಲಿಯೇ ಕಟ್ಟಿದರೆ ಈ ನಷ್ಟವಾಗುವುದು ದಿಟ. ಕಣಕ್ಕಿಂತ ಮೂವತ್ತು ನಲವತ್ತು ಅಡಿ ಮೇಲೆ ಕಟ್ಟಿದರೆ ಕೆಲಸಕ್ಕೆ ಬೇಕಾದ ಒತ್ತಡ ಉಳಿಯುವುದು. ಚಿಲುಮೆಯೂ ಕಣವೂ ಒಂದೇ ಮಟ್ಟದಲ್ಲಿರುವ ತೋಟಗಳಲ್ಲಿ ಮಾತ್ರ ಚಿಕ್ಕ ಪಂಪೊಂದು ಬೇಕಾದೀತು. ಅಲ್ಲಿ ಖರ್ಚು ಬೀಳುವುದೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಒಂದು ಪ್ಲಾಸ್ಟಿಕ್ ತೊಟ್ಟಿ, ಕೆಲವು ಮಾರು ಕೊಳವೆ, ಒಬ್ಬ ಮೇಸ್ತ್ರಿಯ ಎರಡು ದಿನದ ಕೂಲಿ, ಇಷ್ಟನ್ನು ಹೊರಲಾರದ ತೋಟವು ಔಷಧಿ ಹೊಡೆಯುವ ಯಂತ್ರವನ್ನು ಕೊಂಡುದು ಹೇಗೆ?

ಸರ್ಕಾರದ ಕಡೆಗೂ ಒಂದು ಮಾತು. ತೋಟದ ಕಾರ್ಮಿಕರಿಗೆ ಸಾಕಷ್ಟು ಶುದ್ಧವಾದ ಕುಡಿಯುವ ನೀರನ್ನು ಒದಗಿಸತಕ್ಕದ್ದು ಮಾಲಿಕರ ಕರ್ತವ್ಯವೆಂದು 1951ರ ತೋಟ ಕಾರ್ಮಿಕರ ಅಧಿನಿಯಮವು ವಿಧಿಸಿತ್ತು. ಅದರ ಸ್ಥಾನಕ್ಕೆ 2020ರ ಸಂಹಿತೆಯು ಬಂದ ಮೇಲೂ ಆ ಕರ್ತವ್ಯವು ಉಳಿದಿದೆ. ಕುಡಿಯುವ ನೀರಿನ ಕೊಳವೆಗೂ ಬೇರೆ ನೀರಿನ ಕೊಳವೆಗೂ ಸಂಬಂಧವಿರಕೂಡದೆಂಬುದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಕಾಯಿದೆಗೆ ಕೊರತೆಯಿಲ್ಲ. ಆದರೆ ನೀರಿನ ಪರೀಕ್ಷೆಯೆಂದರೆ ಚಿಲುಮೆಯ ನೀರನ್ನು ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸುವುದೆಂದೇ ತಿಳಿದಿರುವಷ್ಟು ಕಾಲ, ಚಿಲುಮೆಗೂ ನಲ್ಲಿಗೂ ನಡುವೆ ಆಗುವುದೇನೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ತುಂತುರು ಮತ್ತು ಹನಿ ನೀರಾವರಿಗಳಿಗೆ ಇಲಾಖೆಗಳು ಸಹಾಯಧನವನ್ನು ಕೊಡುವಾಗ, ಗೊಬ್ಬರ ಬೆರೆಸುವ ತೊಟ್ಟಿಯು ಕುಡಿಯುವ ನೀರಿನ ಕೊಳವೆಗೆ ಸೇರಿಲ್ಲವೆಂಬುದನ್ನು ಅಧಿಕಾರಿಗಳು ಸ್ಥಳದಲ್ಲಿ ಕಣ್ಣಾರೆ ನೋಡಿ ಬರೆದುಕೊಂಡ ಮೇಲೆಯೇ ಹಣವನ್ನು ಬಿಡುಗಡೆ ಮಾಡಬೇಕೆಂದು ನನ್ನ ಪ್ರಾರ್ಥನೆ. ಯಂತ್ರ ಬಂದಿದೆಯೇ ಎಂದು ನೋಡಲು ಹೇಗೂ ಬರುವರಷ್ಟೆ. ಇನ್ನು ಹತ್ತು ಹೆಜ್ಜೆ ನಡೆದರೆ ಸಾಕು.

ತಮ್ಮ ತೋಟದಲ್ಲಿ ಹೀಗಾಗಲಾರದೆಂದು ಹೇಳುವವರು ಮುಂಗಾರಿನ ಔಷಧಿ ಹೊಡೆಯುವುದಕ್ಕೆ ಮೊದಲು ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಲೈನಿನವರಿಗೆ ಮುಂಚಿತವಾಗಿ ತಿಳಿಸಿ, ಆ ಒಂದು ಗಳಿಗೆ ನೀರು ಹಿಡಿಯದಂತೆ ಹೇಳಿರಬೇಕು. ಕಣದ ನಲ್ಲಿಯ ರಬ್ಬರು ಕೊಳವೆಯನ್ನು ಚೆನ್ನಾಗಿ ತೊಳೆದು, ಅದರ ತುದಿಯನ್ನು ಕುಡಿಯಲು ಯೋಗ್ಯವಾದ ನೀರು ತುಂಬಿದ ಶುಚಿಯಾದ ಬಕೆಟ್ಟಿನಲ್ಲಿ ಮುಳುಗಿಸಿ ನಲ್ಲಿಯನ್ನು ತೆರೆದಿಡಿ. ಮೇಲಿನ ತೊಟ್ಟಿಯ ವಾಲ್ವನ್ನು ಮುಚ್ಚಿಸಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಬಿಡಿಸಿ, ಬಕೆಟ್ಟಿನ ಪಕ್ಕದಲ್ಲಿ ನಿಂತಿರಿ. ಮೂಡಿಗೆರೆ ತಾಲ್ಲೂಕಿನ ನನ್ನ ಸ್ವಂತ ತೋಟದಲ್ಲಿ, ಏನೂ ಆಗಲಾರದೆಂಬ ಧೈರ್ಯದಿಂದ ನಾನಿದನ್ನು ಮಾಡಿದೆನು. ಬಕೆಟ್ಟು ಬರಿದಾಗುವುದಕ್ಕೆ ಎರಡು ನಿಮಿಷ ಸಹ ಹಿಡಿಯಲಿಲ್ಲ. ಆ ವಾರವೇ ಎರಡನೆಯ ತೊಟ್ಟಿಯನ್ನು ಕೂಡಿಸಿದೆನು.